ದಾವಲಬೀಯ ಬೆಲ್ಲದ ಬಯಕೆ

ಬಳ್ಳಾರಿ, ೯ ಜುಲೈ ೧೮೯೩

ಇವತ್ತೂ ಬೆಲ್ಲದ ರಗಳೆಯಿಂದಲೇ ಬೆಳಗಾಯಿತು. ಡಿಸ್ಪೆನ್ಸರಿಗೆ ಹೊರಡಲು ಕೋಟು ಹಾಕುತ್ತಿದ್ದೆ — ನನ್ನ ಹೆಂಡತಿ ದಾವಲಬೀ ಬಾಗಿಲಿಗೆ ಅಡ್ಡ ನಿಂತಳು. ರಾರಾವಿಯ ಬೆಲ್ಲ ಬೇಕಂತೆ. ಮನೆಯಲ್ಲಿ ಎರಡು ಅಚ್ಚು ಬೆಲ್ಲವಿದೆ. ಅದು ಬೇಡವಂತೆ. ಹೋದ ತಿಂಗಳು ಭೇದಿಯಾದಾಗ ಗುಳಿಗೆಯ ಜೊತೆ ತಿಂದದ್ದೇ ಬೇಕಂತೆ.

ಆ ಗುಳಿಗೆ ಕಟ್ಟಿದವನು ಕಾಂಪೌಂಡರನಾದ ನಾನೇ. ರಕ್ತಭೇದಿಗೆ ಅಫೀಮು. ಡಾಕ್ಟರು ಬರೆದದ್ದು ಐದು ದಿನಕ್ಕೆ. ನಾಲ್ಕನೆಯ ತಿಂಗಳ ಬಸುರಿ, ಮತ್ತೆ ಮರುಕಳಿಸೀತೆಂದು ಅವರನ್ನು ಕೇಳದೆ ಮೂರು ವಾರ ಕೊಟ್ಟೆ. ಕಹಿ ಎಂದು ಉಗುಳುತ್ತಿದ್ದಳು. ಅಮ್ಮ ಬೆಲ್ಲದಲ್ಲಿ ಕಲಸಿ ತಿನ್ನಿಸಿದಳು. ಭೇದಿ ವಾಸಿಯಾಯಿತು, ಬೆಲ್ಲ ನನ್ನ ಕೊರಳಿಗೆ ಬಿತ್ತು. ರಾರಾವಿಯಲ್ಲಿರುವ ಅಮ್ಮನ ತಮ್ಮ ಖಾದರಸಾಬ್ ಮಾವನಿಗೆ ಹೇಳಿ ಕಳಿಸಿದ್ದೇನೆ. ಬೇರೆ ಕೆಲಸವಿಲ್ಲ ನೋಡಿ ನನಗೆ.

೧೩ ಜುಲೈ

ಖಾದರಸಾಬ್ ಮಾವ ತಾವೇ ಬಂದರು, ಬಂಡಿಯಲ್ಲಿ, ನಾಲ್ಕು ಅಚ್ಚು ಹೊತ್ತು. ಅದೇ ಗಾಣ, ಅದೇ ಕಬ್ಬು, ಅದೇ ಕೊಪ್ಪರಿಗೆ. ದಾವಲಬೀ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಮಾವ, ಅಮ್ಮ, ನಾನು — ಮೂವರೂ ಅವಳ ಬಾಯನ್ನೇ ನೋಡುತ್ತ ಕುಳಿತೆವು.

“ಇದಲ್ರೀ ಅದು” ಎಂದಳು.

ಮಾವನ ಮುಖ ಸಣ್ಣದಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಬಯ್ಯುವಂತಿಲ್ಲ. ಬಸುರಿಯ ಬಯಕೆ! ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆಂದು ಅಮ್ಮನ ಕಟ್ಟಪ್ಪಣೆ. ಕಿವಿ ಸೋರುವುದಕ್ಕೆ ಬೇರೆ ಕಾರಣವಿದೆ ಎಂದು ಹೇಳಲು ಹೋದೆ. ಯಾರು ಕೇಳುತ್ತಾರೆ.

೧೬ ಜುಲೈ

ಕೌಲ್ ಬಜಾರಿನ ಸುಂಕಣ್ಣನ ಅಂಗಡಿಯ ಬೆಲ್ಲ — ಅಲ್ಲ. ತವರಿನಿಂದ, ಕುರುಗೋಡಿನಿಂದ ಬಂದದ್ದು — ಅಲ್ಲ. ತಟ್ಟೆ ಎಸೆದಳು. ಆಮೇಲೆ ತಾನೇ ಅತ್ತಳು. ಮೂಗು ಸೋರುತ್ತದೆ, ಆಕಳಿಕೆ ಮೇಲೆ ಆಕಳಿಕೆ, ಕಾಲು ಸೆಳೆತ, ನಿದ್ದೆಯಿಲ್ಲ. ನೆಗಡಿಯೆಂದು ಮಿಕ್ಸ್‌ಚರ್ ಮಾಡಿಕೊಟ್ಟೆ. ನಾಲಗೆಗೆ ಕಡಿವಾಣ ಹಾಕಿಕೋ ಎಂದು ಗದರಿಸಿದೆ. ಗದರಿಸಿ, ಎರಡು ಚಿಟಿಕೆ ನಶ್ಯ ಏರಿಸಿದ ಮೇಲೆಯೇ ನನಗೆ ಸಮಾಧಾನವಾದದ್ದು.

ನಾಳೆ ಸಿರುಗುಪ್ಪಕ್ಕೆ ಹೋಗಬೇಕೆಂದು ಡಾಕ್ಟರ ಹುಕುಂ. ಅಲ್ಲಿ ಚಳಿಜ್ವರ ಮನೆಮನೆಗೆ ಹೊಕ್ಕಿದೆಯಂತೆ. ನಿಜ ಹೇಳಬೇಕೆಂದರೆ ಬಿಡುಗಡೆ ಸಿಕ್ಕಂತಾಯಿತು.

ಸಿರುಗುಪ್ಪ, ೪ ಆಗಸ್ಟ್

ದಿನಕ್ಕೆ ಎಪ್ಪತ್ತು ಎಂಬತ್ತು ಜನ. ಕ್ವಿನೈನಿನ ಕಹಿಗೆ ಹೆದರಿ ಗದ್ದೆಯ ಕಡೆ ಓಡುತ್ತಾರೆ. ಹಿಡಿದು ತಂದು ಕುಡಿಸಬೇಕು. ಗಂಟಲು ಕಟ್ಟಿಹೋಗಿದೆ.

ಬಳ್ಳಾರಿಯಿಂದ ಬಂಡಿಯ ಜಂಬಣ್ಣ ಬಂದಿದ್ದ. ಅಮ್ಮ ಹೇಳಿ ಕಳಿಸಿದ್ದಾಳೆ — ಬೆಲ್ಲ ಸಿಕ್ಕಿತಂತೆ. ಸೊಸೆ ಹೊಟ್ಟೆ ತುಂಬ ಉಣ್ಣುತ್ತಾಳೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ. ಯಾವ ಊರಿನ ಬೆಲ್ಲವೋ ಅವನಿಗೆ ಗೊತ್ತಿಲ್ಲ. ಯಾವ ಊರಿನದಾದರೂ ಆಗಲಿ. ಪೀಡೆ ಕಳೆಯಿತು.

ಬಳ್ಳಾರಿ, ೨೭ ಸೆಪ್ಟೆಂಬರ್

ನಿನ್ನೆ ಬಂದೆ. ಇಂದು ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಸಣ್ಣ ಸಣ್ಣ ಬೆಲ್ಲದ ಉಂಡೆ ಕಟ್ಟಿ ತಟ್ಟೆಯಲ್ಲಿ ಇಡುತ್ತಿದ್ದಳು. ಮೂರು ಊರು ಸುತ್ತಿಸಿದ ಆ ಮಹಾ ಬೆಲ್ಲದ ರುಚಿ ನೋಡೋಣವೆಂದು ಒಂದು ಎತ್ತಿ ಬಾಯಿಗೆ ಹಾಕಿಕೊಂಡೆ.

ಕಹಿ. ನನಗೆ ಗೊತ್ತಿರುವ ಕಹಿ. ಹನ್ನೊಂದು ವರ್ಷದಿಂದ ನನ್ನ ಬೆರಳಿಗೆ ಅಂಟಿದ ಕಹಿ.

ಏನು ಹಾಕಿದ್ದೀಯೆಂದು ಕೇಳಿದೆ. ಅಮ್ಮ ಮುಚ್ಚಿಡಲಿಲ್ಲ. ಯಾವ ಬೆಲ್ಲಕ್ಕೂ ಸೊಸೆಯ ಬಾಯಿ ತಣಿಯಲಿಲ್ಲ. ಭೇದಿಯ ಸೀಸೆಯಲ್ಲಿ ನನ್ನ ಗುಳಿಗೆ ನಾಲ್ಕು ಉಳಿದಿದ್ದವು, ಒಂದನ್ನು ಅರೆದು ಕಲಸಿದಳು — ಅವತ್ತು ಹುಡುಗಿ ನಿದ್ದೆ ಮಾಡಿದಳು. ಗುಳಿಗೆ ಮುಗಿದ ಮೇಲೆ ಲೈಸೆನ್ಸ್ ಅಂಗಡಿಯಿಂದ ಅಫೀಮು ತರಿಸಿದಳು. ಎರಡು ತಿಂಗಳಿಂದ, ದಿನಕ್ಕೆ ಎರಡು ಸಲ. ಈಗ ಮೂರು ಸಲ.

ಕೂಗಾಡಿದೆ. ಅಮ್ಮ ಉಂಡೆ ಕಟ್ಟುವುದನ್ನು ನಿಲ್ಲಿಸದೆ ಹೇಳಿದಳು: “ನೀ ಕೊಟ್ರ ಔಷಧ, ನಾ ಕೊಟ್ರ ವಿಷ ಏನಲೇ ಶಾಬೂ? ಬಸುರಿ ಬಾಯಿ ಬೇಡಿದ್ದು ಕೊಟ್ಟೀನಿ.”

ಅಫೀಮು ತಿನ್ನುವವರೆಂದರೆ ನನ್ನ ಕಣ್ಣಿಗೆ ಆ ಅಂಗಡಿಯ ಕಟ್ಟೆಯ ಮೇಲೆ ತೂಕಡಿಸುವ ಮುದುಕರು. ಸೋರುವ ಮೂಗು, ಆಕಳಿಕೆ, ಕಾಲು ಸೆಳೆತ — ಪುಸ್ತಕದಲ್ಲಿ ಓದಿದ್ದೆ. ನನ್ನ ಮನೆಯ ಹೆಂಗಸಿನಲ್ಲಿ ಅದನ್ನು ನೋಡಿ ನೆಗಡಿ ಎಂದೆ. ಕಾಂಪೌಂಡರ್ ಅಂತೆ, ಕಾಂಪೌಂಡರ್.

೨೮ ಸೆಪ್ಟೆಂಬರ್

ಎಲ್ಲ ಬಂದ್. ಉಂಡೆಗಳನ್ನು ಬಚ್ಚಲಿಗೆ ಸುರಿದೆ. ಅಮ್ಮ ಮಾತು ಬಿಟ್ಟಿದ್ದಾಳೆ. ಬಿಡಲಿ.

೩೦ ಸೆಪ್ಟೆಂಬರ್, ಬೆಳಿಗ್ಗೆ ೧೧

ವಾಂತಿ, ಭೇದಿ, ಮೈಯೆಲ್ಲ ಬೆವರು. ಹೊಟ್ಟೆಯೊಳಗೆ ಕೂಸು ಒದ್ದಾಡುವುದು ಸೀರೆಯ ಮೇಲಿಂದಲೇ ಕಾಣುತ್ತದೆ. ಸೊಂಟ ನೋಯುತ್ತದೆ ಎಂದಾಗ ಡಾಕ್ಟರನ್ನು ಕರೆತಂದೆ.

ಅವರು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಬೈದರು. ಒಮ್ಮೆಲೇ ನಿಲ್ಲಿಸಿದರೆ ತಾಯಿ ಹೇಗೋ ತಾಳಿಯಾಳು, ಕೂಸು ತಾಳುವುದಿಲ್ಲ. ಮತ್ತೆ ಶುರುಮಾಡು, ಆಮೇಲೆ ಇಷ್ಟಿಷ್ಟೇ ಇಳಿಸುತ್ತ ಬಾ. ಮೊದಲು ಕೊಟ್ಟವರು ಯಾರೆಂದು ಕೇಳಿದರು. ನಾನೇ ಎಂದೆ. ನೀವು ಹೇಳಿದ್ದು ಐದು ದಿನ, ನಾನು ಕೊಟ್ಟದ್ದು ಮೂರು ವಾರ. ಅವರು ಟೋಪಿ ಹಾಕಿಕೊಂಡು ಹೊರಟರು. ಇನ್ನಷ್ಟು ಬೈದಿದ್ದರೆ ಚೆನ್ನಾಗಿತ್ತು.

ಈಗ ನಾನೇ ಗುಳಿಗೆ ಕಟ್ಟಿ, ನಾನೇ ಬೆಲ್ಲದಲ್ಲಿ ಕಲಸಿ ಕೊಟ್ಟೆ. ಅರ್ಧ ಗಂಟೆಯಲ್ಲಿ ನಗುಮುಖ. ಅದನ್ನು ನೋಡಿ ಸಂತೋಷವಾಯಿತು — ಅದೇ ನಾಚಿಕೆ.

೧೪ ಅಕ್ಟೋಬರ್

ದಿನಾ ಜಗಳ. ಉಂಡೆ ಅಷ್ಟೇ ದಪ್ಪ ಕಟ್ಟುತ್ತೇನೆ, ಒಳಗಿನದನ್ನು ಕಡಿಮೆ ಮಾಡುತ್ತೇನೆ. ಅವಳ ನಾಲಗೆ ನನ್ನ ತಕ್ಕಡಿಗಿಂತ ಚುರುಕು. ಇವತ್ತು ಕಡಿಮೆ ಐತಿ ಎಂದು ತಕ್ಷಣ ಹೇಳುತ್ತಾಳೆ. ರೇಗಿ, ನಶೆಬಾಜ ಗಂಡಸರೂ ಹೀಗೆ ಕಾಡುವುದಿಲ್ಲ ಎಂದುಬಿಟ್ಟೆ.

ಅವಳು ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ಹಿಂದಕ್ಕಿಟ್ಟಳು. ಆಮೇಲೆ, “ನಾ ಬೇಡಿದ್ದು ಬೆಲ್ಲ. ಅದರಾಗ ಏನೈತಿ ಅಂತ ನನಗ ಯಾರು ಹೇಳಿದ್ರಿ?” ಎಂದಳು.

ಯಾರೂ ಹೇಳಿರಲಿಲ್ಲ. ಭೇದಿಯ ಗುಳಿಗೆ ಎಂದು ಕೊಟ್ಟೆವು, ತಿಂದಳು. ಮೊನ್ನೆ ಹಟಕ್ಕೆ ಬಿದ್ದು ಒಂದು ದಿನ ನಶ್ಯದ ಡಬ್ಬಿ ಮುಟ್ಟಬಾರದೆಂದು ನಿರ್ಧಾರ ಮಾಡಿದ್ದೆ. ಮಧ್ಯಾಹ್ನ ಎರಡಕ್ಕೆ ಮುಟ್ಟಿದೆ. ಇದನ್ನು ಅವಳಿಗೆ ಹೇಳಿಲ್ಲ.

೩ ನವೆಂಬರ್

ಮೊದಲ ಹೆರಿಗೆ, ತವರಿಗೆ ಕಳಿಸಲೇಬೇಕು. ಇಲ್ಲೇ ಇರಲಿ ಎಂದೆ. ಕುರುಗೋಡಿನಿಂದ ಬಂದ ನನ್ನ ಅತ್ತೆ ನೂರಜಹಾನ್, ಜನ ಏನಂತಾರೆ ಎಂದು ಮುಸುಗೆಳೆದು ಕುಳಿತುಬಿಟ್ಟರು. ಸೋತೆ. ದಿನಕ್ಕೊಂದು ಪೊಟ್ಟಣ ಕಟ್ಟಿ, ಮೇಲೆ ತಾರೀಕು ಬರೆದು, ಮಾವ ಗೌಸಸಾಬರ ಕೈಗೆ ಕೊಟ್ಟಿದ್ದೇನೆ. ಅವರಿಗೆ ಅಕ್ಷರ ಬರುತ್ತದೆ, ಮಗಳ ಕಣ್ಣೀರಿಗೆ ಕರಗುವವರೂ ಅಲ್ಲ. ನವೆಂಬರ್ ಮೂವತ್ತಕ್ಕೆ ಕೊನೆಯ ಪೊಟ್ಟಣ. ಡಿಸೆಂಬರ್ ಎರಡನೆಯ ವಾರ ಹೆರಿಗೆ. ಅಷ್ಟರೊಳಗೆ ಅವಳ ಮೈ, ಕೂಸಿನ ಮೈ ಎರಡೂ ತೊಳೆದುಕೊಂಡಿರಬೇಕು. ಅಲ್ಲಾಹ್, ಇದೊಂದು ನಡೆಸಿಕೊಡು.

೧೯ ನವೆಂಬರ್

ಕುರುಗೋಡಿನಿಂದ ಸುದ್ದಿ. ನಿನ್ನೆ ಹೆರಿಗೆಯಾಯಿತು. ಹೆಣ್ಣು. ಮೂರು ವಾರ ಮೊದಲೇ. ಇನ್ನೂ ಹನ್ನೆರಡು ಪೊಟ್ಟಣ ಉಳಿದಿದ್ದವು. ಬಂಡಿ ಕಟ್ಟಿಸುತ್ತಿದ್ದೇನೆ.

ಕುರುಗೋಡು, ೨೦ ನವೆಂಬರ್, ಮಧ್ಯಾಹ್ನ

ಮೊದಲ ದಿನ ಚೆನ್ನಾಗಿತ್ತಂತೆ. ನಿನ್ನೆಯಿಂದ ಅಳು. ಅಳು ಅಂದರೆ — ಇಂಥದ್ದನ್ನು ನಾನು ಕೇಳಿಲ್ಲ. ತೆಳ್ಳಗೆ, ಎತ್ತರಕ್ಕೆ, ಬಿಡುವಿಲ್ಲದೆ. ಕೈಕಾಲು ನಡುಗುತ್ತವೆ. ಮೊಲೆಗೆ ಬಾಯಿ ಹಾಕುತ್ತದೆ, ಬಿಡುತ್ತದೆ, ಮತ್ತೆ ಅಳುತ್ತದೆ. ಸೀನು. ಆಕಳಿಕೆ. ಮೂರು ದಿನದ ಕೂಸಿಗೆ ಆಕಳಿಕೆ!

ಸೂಲಗಿತ್ತಿ ಮಾರೆಮ್ಮ ಬೆಲ್ಲದ ನೀರು ನೆಕ್ಕಿಸಿದಳು. ಉಗುಳಿತು. ಜೇನು. ಉಗುಳಿತು. ಮಾರೆಮ್ಮ ನನ್ನ ಕಡೆ ತಿರುಗಿ, “ಇದರ ಬಾಯಿ ಬ್ಯಾರೆ ಏನೋ ಹುಡುಕತೈತ್ರಿ ಸಾಹೇಬ್ರ” ಎಂದಳು.

ಯಾರನ್ನು ಬಯ್ಯಲಿ? ಅಮ್ಮನನ್ನೆ? ಅತ್ತೆಯನ್ನೆ? ಎಲ್ಲ ಸುತ್ತಿ ನನ್ನ ಹತ್ತಿರವೇ ಬಂದು ನಿಲ್ಲುತ್ತದೆ. ಭಯವಾಗುತ್ತಿದೆ. ಡಾಕ್ಟರಿಗೆ ಚೀಟಿ ಬರೆದು ಕುದುರೆಯವನ ಕೈಲಿ ಕಳಿಸಿದ್ದೇನೆ.

೨೧ ನವೆಂಬರ್, ಬೆಳಿಗ್ಗೆ ೧೦

ಡಾಕ್ಟರ ಉತ್ತರ ಬಂತು, ಜೊತೆಗೆ ಅವರೇ ಅಳೆದು ಕಲಸಿದ ಒಂದು ಸಣ್ಣ ಸೀಸೆ. ಕೊಡಬೇಕಂತೆ. ಹನಿ ಲೆಕ್ಕದಲ್ಲಿ, ಹೊತ್ತು ನೋಡಿ, ದಿನದಿಂದ ದಿನಕ್ಕೆ ಇಳಿಸುತ್ತ. ಬೇರೆ ಯಾರೂ ಅಲ್ಲ, ನೀನೇ ಕೊಡು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ.

ಕೊಟ್ಟೆ.

ಹತ್ತು ನಿಮಿಷ. ಅಳು ಇಳಿಯಿತು. ಮುಷ್ಟಿ ಬಿಚ್ಚಿತು. ತಾಯಿಯ ಎದೆಗೆ ಹಾಕಿದರೆ ಹಿಡಿದುಕೊಂಡಿತು, ಕುಡಿಯಿತು. ಅತ್ತೆ ಕಣ್ಣೊರೆಸಿಕೊಂಡು ನನ್ನನ್ನು ಹೊಗಳತೊಡಗಿದರು. ಹೊರಗೆ ಎದ್ದು ಬಂದೆ.

ದಾವಲಬೀ ಕರೆಸಿದಳು. ಕೂಸಿನ ತಲೆ ಸವರುತ್ತ ನನ್ನ ಮುಖ ನೋಡದೆ ಹೇಳಿದಳು: “ಅದಕ್ಕ ಏನು ಬೇಕಂತ ನನಗ ಅಳು ಸುರುವಾದ ದಿನಾನ ಗೊತ್ತಾಗಿತ್ರಿ. ಅಪ್ಪ ಕೊಟ್ಟ ಪೊಟ್ಟಣನೂ ತಲಿದಿಂಬಿನ್ಯಾಗ ಇತ್ತು. ನನ್ನ ಕೈಲಿ ಕೊಡಾಕ ಆಗಲಿಲ್ಲ.”

ನಾನು ಅವಳ ಕಾಲ ಬಳಿ ಕುಳಿತು ಅತ್ತುಬಿಟ್ಟೆ.

ಅದೇ ದಿನ, ಮಧ್ಯಾಹ್ನ ೨

ಮುಂದಿನ ಹನಿ ಮೂರು ಗಂಟೆಗೆ. ಕೂಸು ಈಗಲೇ ಎದ್ದಿದೆ. ಅಳುತ್ತಿಲ್ಲ. ಬಾಯಿ ತೆರೆದು ಆ ಕಡೆ ಈ ಕಡೆ ಹುಡುಕುತ್ತಿದೆ. ಹಸಿವೋ, ಅದೋ — ತಿಳಿಯುತ್ತಿಲ್ಲ. ಹನ್ನೊಂದು ವರ್ಷದ ಕಾಂಪೌಂಡರಿಕೆಗೆ ತಿಳಿಯುತ್ತಿಲ್ಲ. ಮಾರೆಮ್ಮ ಸೀಸೆಯ ಕಡೆ ನೋಡುತ್ತಾಳೆ. ದಾವಲಬೀ ಬೇಡವೆಂದು ಕೈಮಾಡಿ ಎದೆಗೆ ಹಾಕಿಕೊಂಡಳು. ಹಿಡಿಯಿತು... ಬಿಟ್ಟಿತು. ಮತ್ತೆ ಹಿಡಿಯಿತು. ಎರಡು ಗುಟುಕು. ಮೂರು. ಈಗ ಬಿಡದೆ ಕುಡಿಯುತ್ತಿದೆ. ಹಸಿವೇ ಇತ್ತು.