ಹಗಲು ನನ್ನದು, ರಾತ್ರಿ ಅವಳದು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ನಿನ್ನ ಅಕ್ಕನ ಆಶೀರ್ವಾದ.

ಮೊದಲು ನೀನು ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನನ್ನ ಹೆಸರಿಗೆ ನಿನ್ನ ಮನೆಗೆ ಕಾಗದ ಬಂದರೆ ‘ಇಲ್ಲಿ ಅಂಥವರಿಲ್ಲ’ ಎಂದು ವಾಪಸು ಕಳಿಸಬೇಡ. ಇನ್ನೊಂದು ಲಕೋಟೆಗೆ ಹಾಕಿ ನನಗೆ ಕಳಿಸು. ನಾನು ನಿನಗೆ ಬರೆದು ಕಳಿಸುವ ಉತ್ತರವನ್ನು ನಿನ್ನೂರಿನ ಅಂಚೆ ಡಬ್ಬಿಗೆ ಹಾಕು. ಕಾಗದ ಬರುವುದು ನನ್ನ ರೂಮಿನವಳಿಂದ. ಈ ತಿಂಗಳು ಕಳೆದರೆ ನಾನು ನಿನ್ನ ಮನೆ ಸೇರುತ್ತೇನೆಂದು ಅವಳು ನಂಬಿದ್ದಾಳೆ.

ಅವಳ ವಿಷಯ ನಿನಗೆ ಸರಿಯಾಗಿ ಬರೆದೇ ಇಲ್ಲ. ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ನಾವು ಕರೆಯುವುದೂ ಇಸ್ತ್ರಿ ಎಂದೇ. ಬೇಕರಿಯವಳಾದ್ದರಿಂದ ನಾನು ಬನ್ನು. ನನ್ನದು ರಾತ್ರಿ ಪಾಳಿ, ಅವಳದು ಹಗಲಿನದು. ರೂಮಿನಲ್ಲಿರುವುದು ಒಂದೇ ಮಂಚ. ಹಗಲು ಅದು ನನ್ನದು, ರಾತ್ರಿ ಅವಳದು. ಬೆಳಿಗ್ಗೆ ನಾನು ಬಿಸಿ ಬ್ರೆಡ್ಡು ಹಿಡಿದು ಬರುವ ಹೊತ್ತಿಗೆ ಅವಳು ಹೇರ್‌ಪಿನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಜಡೆ ಸುತ್ತುತ್ತಿರುತ್ತಿದ್ದಳು. ಹಿಂದಿನ ದಿನದ ಸುದ್ದಿಯೆಲ್ಲ ಆ ಪಿನ್ನಿನ ಸಂದಿಯಿಂದಲೇ ಹೊರಬರಬೇಕು. ಅವಳು ಹೋದ ಮೇಲೆ ನಾನು ಮೈಚಾಚಿದರೆ ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು. ಆ ಬಿಸಿಗೇ ನಿದ್ದೆ ಬರುತ್ತಿತ್ತು ಪುಟ್ಟಿ.

ನಾವು ಇಡೀ ದಿನ ಮುಖ ನೋಡುತ್ತಿದ್ದುದು ಭಾನುವಾರ ಮಾತ್ರ. ಅವತ್ತು ಈ ಊರು ನಮ್ಮಪ್ಪನ ಮನೆ. ಜೊತೆಗೆ ಇನ್ನೊಬ್ಬಳು ಗೆಳತಿ, ಬಸ್ ಕಂಡಕ್ಟರಾಗಿದ್ದು ನಿವೃತ್ತಳಾದವಳು. ಎಲ್ಲಿಂದ ಏಳುವಾಗಲೂ ‘ರೈಟ್ ರೈಟ್’ ಎನ್ನುವುದರಿಂದ ಅದೇ ಅವಳ ಹೆಸರು. ಮೂವರೂ ದೊಡ್ಡ ಪೀಠೋಪಕರಣದ ಅಂಗಡಿಗೆ ನುಗ್ಗಿ ಒಂದೊಂದು ಸೋಫಾದ ಮೇಲೂ ಕುಳಿತು ಏಳುತ್ತಿದ್ದೆವು. ಒಂದು ಸಲ ಅಂಗಡಿಯವನು, ಮನೆ ಎಲ್ಲಿ ತಾಯಿ, ಎಂದು ಕೇಳಿದ. ಇಸ್ತ್ರಿ ಸೆರಗು ಸರಿಮಾಡಿಕೊಂಡು, “ಕಟ್ಟಿಸ್ತಾ ಇದೀವಪ್ಪ. ಇನ್ನೂ ಬಾಗಿಲು ಇಟ್ಟಿಲ್ಲ. ಮೊದಲು ಸೋಫಾ ಒಳಗೆ ಹೋಗ್ಲಿ ಅಂತ,” ಎಂದಳು. ರಸ್ತೆಗೆ ಬಂದು ಕಂಬ ಹಿಡಿದುಕೊಂಡು ನಕ್ಕೆವು. ಸಿನಿಮಾಕ್ಕೆ ಹೋದರೆ ಅವಳು ಅರ್ಧಕ್ಕೇ ನಿದ್ದೆ. ದಾರಿಯಲ್ಲಿ ಕಥೆ ಹೇಳು ಎಂದು ಪೀಡಿಸುತ್ತಿದ್ದಳು. ನಾನು ಸತ್ತವರನ್ನೆಲ್ಲ ಬದುಕಿಸಿ ಹೇಳುತ್ತಿದ್ದೆ.

ಇಸ್ತ್ರಿಯ ಮಗಳಿಗೆ ಅವಳಿ ಮಕ್ಕಳಾದವು. ಅಮ್ಮ ಬೇಕು ಎಂದು ಹುಡುಗಿ ಕಾಗದದ ಮೇಲೆ ಕಾಗದ ಬರೆದಳು. ಇವಳು ಜಗ್ಗಲಿಲ್ಲ. ಕೊನೆಗೆ ಅಳಿಯನೇ ಬೇಕರಿಗೆ ಬಂದು, ನೀವು ಒಬ್ಬರೇ ಆಗ್ತೀರಿ ಅಂತ ಅತ್ತೆ ಬರ್ತಿಲ್ಲ ದೊಡ್ಡಮ್ಮ, ಎಂದು ತಲೆ ತಗ್ಗಿಸಿ ನಿಂತ. ಅವನ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. ನಿದ್ದೆ ಕಾಣದ ಮುಖ. ನನಗೆ ಬೇರೆ ದಾರಿ ತೋಚಲಿಲ್ಲ. ಮರುದಿನ ಬೆಳಿಗ್ಗೆ ಅವಳಿಗೆ, ತಂಗಿ ನನ್ನ ಬಾ ಬಾ ಅಂತಿದಾಳೆ, ನಾನೂ ಹೊರಟೆ, ಎಂದುಬಿಟ್ಟೆ. ಒಂದು ಸುಳ್ಳು ಹೇಳಿದರೆ ಮುಗಿಯಲಿಲ್ಲ, ಅದಕ್ಕೆ ಕಿಟಕಿ ಬಾಗಿಲುಗಳನ್ನೂ ಇಡಬೇಕು ನೋಡು. ಯಾವ ಕೋಣೆ ಕೊಡ್ತಾಳೆ ಎಂದಳು. ಹಿಂದಿನದು, ಗಲಾಟೆ ಇಲ್ಲ, ಎಂದೆ. ನಿನ್ನ ಈ ಮನೆಯನ್ನು ನಾನು ಕಂಡಿಲ್ಲವಲ್ಲ. ಹಾಗೆಂದು ದೂರುತ್ತಿಲ್ಲ, ನಿನಗೂ ಪುರುಸೊತ್ತು ಬೇಕು.

ಮೊನ್ನೆ ಬೆಳಿಗ್ಗೆ ಕೆಲಸ ಮುಗಿಸಿ ಮೈಮೇಲಿನ ಹಿಟ್ಟು ಕೊಡವದೆ ಬಸ್ ನಿಲ್ದಾಣಕ್ಕೆ ಓಡಿದೆ. ಅವಳು ಕಿಟಕಿಯ ಪಕ್ಕ ಕುಳಿತಿದ್ದಳು. ಸರಳಿನಾಚೆಯಿಂದ ನನ್ನ ತೋಳಿನ ಹಿಟ್ಟು ಒರೆಸುತ್ತ ಕೇಳಿದಳು:

“ನಿನ್ನ ತಂಗಿ ಹಗಲು ಮಲಗೋಕೆ ಬಿಡ್ತಾಳೇನೇ? ಮನೇಲಿ ಎಲ್ಲ ಎದ್ದಿರೋವಾಗ ನಿಂಗೆ ನಿದ್ದೆ ಅಭ್ಯಾಸ.”

“ಬಿಡ್ತಾಳೆ. ದಪ್ಪ ಪರದೆ ಹೊಲಿಸಿದಾಳೆ.”

“ಹಾಗಾದ್ರೆ ಒಳ್ಳೇವಳು,” ಎಂದಳು. ಮತ್ತೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಮ್ಮ ರೈಟ್ ರೈಟ್ ಹಳೇ ಚಾಳಿಯಲ್ಲಿ ಬಸ್ಸಿನ ಬೆನ್ನಿಗೆ ಎರಡು ಬಡಿದೇಬಿಟ್ಟಳು. ಡ್ರೈವರ್ ಹೊರಡಿಸಿದ. ಆ ಮಾತು ಏನಿತ್ತೋ. ರೈಟ್ ರೈಟ್ ತನ್ನ ಕೈಯನ್ನು ತಾನೇ ನೋಡಿಕೊಂಡು ನಿಂತಳು, ಬೈಯಲು ಮನಸ್ಸಾಗಲಿಲ್ಲ.

ರೂಮಿಗೆ ಬಂದು ಮಲಗಿದೆ. ಹಾಸಿಗೆ ತಣ್ಣಗಿತ್ತು. ಎದ್ದು ಪಾತ್ರೆ ತೊಳೆದೆ.

ಇವತ್ತು ರೈಟ್ ರೈಟ್ ಬಂದು ಹೊರಗೆ ಕರೆದಳು. ತಲೆನೋವು ಎಂದೆ. ಬರುವ ವಾರ ಹೋಗುತ್ತೇನೆ. ಊರೇನೂ ಎಲ್ಲಿಗೂ ಹೋಗಿಲ್ಲ. ನನ್ನ ಚಿಂತೆ ನಿನಗೆ ಬೇಡ, ಚೆನ್ನಾಗಿಯೇ ಇದ್ದೇನೆ. ಅಕ್ಷರ ಓರೆಯಾಗಿದ್ದರೆ ನಗಬೇಡ. ನಾನು ಓದು ಕಲಿತದ್ದು ಬ್ರೆಡ್ಡು ಸುತ್ತುವ ಹಳೇ ಪೇಪರಿನಲ್ಲಿ ಎಂಬುದು ನಿನಗೆ ಗೊತ್ತೇ ಇದೆ.

ಮಕ್ಕಳಿಗೆ ಮುತ್ತು.

ನಿನ್ನ ಅಕ್ಕ

ಮರೆತ ಮಾತು: ಅವಳಿಗೆ ಹೇಳಿದ್ದರಲ್ಲಿ ಒಂದನ್ನಾದರೂ ನಿಜ ಮಾಡಬಹುದೇ ಎಂದು ಯೋಚಿಸುತ್ತಿದ್ದೇನೆ. ನೀನು ಕರೆದರೆ ಬರುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೂ ಒಂದು ಸಲ ಕರೆದು ನೋಡು.