ಏಳನೆಯ ಕಾಜಾ

ಡಾಕ್ಟರಮ್ಮನವರಿಗೆ ದರ್ಜಿಯ ನಮಸ್ಕಾರ.

ಅಕ್ಷರ ಮಗಳದ್ದು, ಮಾತು ನನ್ನದು. ನನ್ನ ಬೆರಳುಗಳು ಈಗ ಪೆನ್ನನ್ನೂ ಹಿಡಿಯುವುದಿಲ್ಲ.

ಹೋದ ತಿಂಗಳು ನಿಮ್ಮೆದುರಿನಿಂದ ಸಿಟ್ಟು ಮಾಡಿಕೊಂಡು ಎದ್ದು ಬಂದೆ, ಕ್ಷಮಿಸಿ. "ಈ ಸಂಧಿವಾತ ಪೂರ್ತಿ ಹೋಗಲ್ಲ, ಹದ್ದುಬಸ್ತಿನಲ್ಲಿ ಇಟ್ಕೋಬಹುದು ಅಷ್ಟೇ" ಅಂದಿರಿ. ನಾನು ಇಪ್ಪತ್ತು ವರ್ಷ, ಬಟ್ಟೆಗೆ ಇನ್ನೂ ಕತ್ತರಿಯನ್ನೇ ಹಾಕದಿದ್ದರೂ, ಗಿರಾಕಿಗಳಿಗೆ "ನಾಳೆ ಬನ್ನಿ, ರೆಡಿ ಇರುತ್ತೆ" ಎಂದವನು. ಅವರು ನಂಬಿ ನಗುತ್ತ ಹೋಗುತ್ತಿದ್ದರು. ಅಂಥದೊಂದು ಸುಳ್ಳನ್ನು ನನಗೂ ಹೇಳಬಾರದಿತ್ತೇ ಎನ್ನಿಸಿತು.

ಹೇಳುವವನು ಸಿಕ್ಕಿದ. "ಒಂದೇ ತಿಂಗಳು, ಕೈ ಹೂವಿನ ಹಾಗಾಗುತ್ತೆ" ಎಂದ. ಅವನ ಎಣ್ಣೆ ನಂಬಿ ನಿಮ್ಮ ಮಾತ್ರೆ ಬಿಟ್ಟೆ. ಈಗ ಮುಷ್ಟಿ ಮಡಚಲಾಗದಷ್ಟು ಕೈ ಊದಿದೆ. ತುತ್ತನ್ನೂ ಮಗಳೇ ಬಾಯಿಗಿಡುತ್ತಾಳೆ. ಇಡುವಾಗ ನನ್ನ ಮುಖ ನೋಡುವುದಿಲ್ಲ.

ಮಾತ್ರೆ ಮತ್ತೆ ಹೇಗೆ ಶುರು ಮಾಡಬೇಕು, ದಯವಿಟ್ಟು ಬರೆದು ಇವಳ ಕೈಯಲ್ಲೇ ಕಳಿಸಿ.

ಆರು ತಿಂಗಳು ತಪ್ಪದೆ ನುಂಗಿದರೆ ದಿನಕ್ಕೆ ಅರ್ಧ ಗಂಟೆ ಸೂಜಿ ಹಿಡಿಯಬಹುದು ಅಂದಿದ್ದಿರಿ. ಅರ್ಧ ಗಂಟೆಯಲ್ಲಿ ಗುಂಡಿಯ ಕಾಜಾ ಆರು ಹೊಲಿಯಬಲ್ಲೆ. ಒಂದು ಅಂಗಿಗೆ ಬೇಕಾದ್ದು ಏಳು.

ಇನ್ನೈದು ನಿಮಿಷ ಕೊಡಿಸಿ, ತಾಯಿ. ಅದಕ್ಕಿಂತ ಹೆಚ್ಚು ಕೇಳುವುದಿಲ್ಲ.

ಇತಿ,
ಬೀದಿಯವರೆಲ್ಲ 'ನಾಳೆ ಬನ್ನಿ' ಎಂದೇ ಕರೆಯುವ ದರ್ಜಿ