ದೇವಿರಮ್ಮನ ಹುಳುವೂ ನಮ್ಮ ವ್ಯಾನೂ

ರೀ,

ಎಂಟರ ಬಸ್ಸಿಗೆ ಬೆಳಕವಾಡಿಗೆ ಹೊರಟೆ, ದೇವಿರಮ್ಮನ ಮನೆಗೆ. ಎಬ್ಬಿಸಿದ್ದರೆ ತಡೆಯುತ್ತಿದ್ದಿರಿ.

ವ್ಯಾನಿನ ಕೆಲಸ ಇವತ್ತೇ ಮುಗಿಸಿ. ರೂಫಿಗೆ, ಹಿಂಬದಿಯಲ್ಲೇ ಅಂಟು ಬಳಿದಿರುವ, ಬಿಸಿಲ ಕಾವು ತಡೆಯುವ ಶೀಟು ಮಾತ್ರ ಹಾಕಿ. ನಿನ್ನೆ ತಂದ ಡಬ್ಬದ ಅಂಟು ಮುಟ್ಟಲೇಬೇಡಿ, ಆ ವಾಸನೆಗೆ ರೇಷ್ಮೆ ಹುಳು ಉಳಿಯುವುದಿಲ್ಲ. ತಗಡು ಒರೆಸಿ, ಗಾಳಿಗುಳ್ಳೆ ನಿಲ್ಲದಂತೆ ಲಟ್ಟಣಿಗೆಯಲ್ಲಿ ಒತ್ತಿ. ಎಂಜಿನ್ ಮೇಲಿನ ಸೀಟಿನ ಅಡಿಗೆ ಎರಡು ಪದರ ಬೇಕು. ಬಾಗಿಲ ಕೆಳಗೆ ನೀರು ಇಳಿಯುವ ತೂತು ಮುಚ್ಚಬೇಡಿ.

ಹೋದ ತಿಂಗಳು ನಾವು ಸಾಕಿ ಕೊಟ್ಟ ಚಾಕಿ ಹುಳು, ಆ ಎಳೆ ಮರಿಗಳು, ಪೂರ್ತಿ ಸತ್ತಾಗ ದೇವಿರಮ್ಮನಿಗೆ, "ನಿಮ್ ಸೊಪ್ಗೆ ಪಕ್ಕದೊಲದ ಔಸ್ದಿ ಬಿದ್ದಿರ್ಬೇಕು ಕಣಮ್ಮ" ಎಂದುಬಿಟ್ಟೆ. ಅದನ್ನೇ ನಂಬಿ ಅವರು ಪಕ್ಕದ ಹೊಲದ ಮೈದುನನ ಜೊತೆ ಮಾತು ಬಿಟ್ಟಿದ್ದಾರೆ. ಮೊನ್ನೆ ಸಂತೆಯಲ್ಲಿ ಸಿಕ್ಕಿ, "ನೀ ಏಳ್ದೆ ಇದ್ದಿದ್ರೆ ಗೊತ್ತೇ ಆಯ್ತಿರ್ಲಿಲ್ಲ ಕಣವ್ವ" ಎಂದು ನನ್ನ ಕೈ ಹಿಡಿದುಕೊಂಡರು. ಅವತ್ತಿನಿಂದ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಅವರ ಹುಳು ಒಯ್ಯುವಾಗ ಟೀ ಕುಡಿಯಲು ವ್ಯಾನನ್ನು ಬಿಸಿಲಲ್ಲಿ ನಿಲ್ಲಿಸಿದವರು ನಾವು. ಆಮೇಲೆ ಬಾಗಿಲು ತೆಗೆದಾಗ ತಗಡು ಕೈ ಸುಟ್ಟಿದ್ದು ನಿಮಗೂ ನೆನಪಿದೆ.

ರಾತ್ರಿ, "ನಿಜ ಏಳ್ಬುಟ್ರೆ ಯಾರೂ ನಮ್ತಾವ ಉಳ ತಕ್ಕಳಲ್ಲ" ಎಂದಿರಿ. ಇರಬಹುದು. ಅದಕ್ಕೆಂದು ಅಣ್ಣತಮ್ಮಂದಿರ ಮನೆಯನ್ನು ಒಡೆದು ಸುಮ್ಮನಿರಲು ನನ್ನಿಂದಾಗದು.

ಮುದ್ದೆ ಪಾತ್ರೆಯಲ್ಲಿದೆ, ಸಾರು ಬಿಸಿ ಮಾಡಿಕೊಳ್ಳಿ. ಬಿಸಿಲೇರಿದ ಮೇಲೆ ವ್ಯಾನಿನೊಳಗೆ ಕೂತು ತಲೆನೋವು ತಂದುಕೊಳ್ಳಬೇಡಿ.

ದೇವಿರಮ್ಮ ಬೈದು ಕಳಿಸಿದರೂ ನೇರ ಮನೆಗೆ ಬರುವುದಿಲ್ಲ. ಆ ಮೈದುನನ ಬಾಗಿಲು ತಟ್ಟಿ, ತಪ್ಪು ನಮ್ಮದು ಎಂದು ಹೇಳಿಯೇ ಬಸ್ಸು ಹತ್ತುತ್ತೇನೆ.

ಪ್ರಮೀಳ